ಮಾತ್ರೆಗೆ ಪಥ್ಯ ಏನು? ಕರಾವಳಿ ಉಪಕೇಂದ್ರದಲ್ಲಿ ರೋಗಿಗಳ ಜೊತೆ ಮಾತು

ಕೇಳಿದ್ದು: ನಾನು ವಿಜಯಪುರದ ಕಡೆಯವಳು. ಕುಮಟಾ–ಅಂಕೋಲಾ ನಡುವಿನ ಆರೋಗ್ಯ ಉಪಕೇಂದ್ರಕ್ಕೆ ಸಿಎಚ್‌ಒ (ಸಮುದಾಯ ಆರೋಗ್ಯ ಅಧಿಕಾರಿ) ಆಗಿ ಹೊಸದಾಗಿ ಬಂದಿದ್ದೇನೆ. ಹೇಳಿದ್ದಕ್ಕೆಲ್ಲ ‘ಹೂಂ’ ಅಂತಾರೆ, ಮಾತ್ರೆ ಡಬ್ಬಿಯಲ್ಲೇ ಉಳಿಯುತ್ತದೆ. ಉಷ್ಣ, ನಂಜು, ಪಥ್ಯ ಅನ್ನುವ ಮಾತು ದಿನವೂ ಕಿವಿಗೆ ಬೀಳುತ್ತದೆ. ಹೇಗೆ ಮಾತಾಡಬೇಕು?

ಹಿರಿಯ ಶುಶ್ರೂಷಕಿ, ಅಂಕೋಲಾ: ಸಿಸ್ಟರ್, ಮೊದಲು ಪಥ್ಯ. ಗಾಂವಟಿ ಔಷಧ ಕೊಡುವವರು ಬದನೆಕಾಯಿ ಬೇಡ, ಬಂಗಡೆ ಬೇಡ ಎಂದು ಹೇಳಿಯೇ ಪೊಟ್ಟಣ ಕೈಗಿಡುತ್ತಾರೆ. ನಾವು ‘ಎಲ್ಲ ತಿನ್ನಿ, ಏನೂ ಆಗಲ್ಲ’ ಅಂದರೆ ಈ ಮದ್ದಿಗೆ ಜೋರಿಲ್ಲ ಎಂದೇ ಅರ್ಥ. ಹಾಗಾಗಿ ಪಥ್ಯ ಹೇಳಿ, ಆದರೆ ನಿಜವಾಗಿ ಬೇಕಾದ್ದನ್ನು ಹೇಳಿ.

ಗರ್ಭಿಣಿಯರ ಕೆಂಪು ಮಾತ್ರೆಯನ್ನೇ ನೋಡಿ. 60 ಮಿ.ಗ್ರಾಂ. ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ. ನಾಲ್ಕನೇ ತಿಂಗಳಿಂದ ದಿನಕ್ಕೊಂದರಂತೆ 180 ದಿನ. ಎರಡನೇ ದಿನಕ್ಕೇ ಮಲ ಕಪ್ಪಾದರೆ ‘ಉಷ್ಣ ಆಯ್ತು’ ಎಂದು ನಿಲ್ಲಿಸುತ್ತಾರೆ. ಕಪ್ಪಾಗುತ್ತದೆ ಎಂದು ಕೊಡುವಾಗಲೇ ಹೇಳಿಬಿಡಿ. ಕೆಲವರು ತಂಪಾಗಲಿ ಎಂದು ಮಜ್ಜಿಗೆ ಜೊತೆ ನುಂಗುತ್ತಾರೆ. ಮಜ್ಜಿಗೆಯ ಕ್ಯಾಲ್ಸಿಯಂ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. ಲಿಂಬೆ ಪಾನಕವೂ ಅವರ ಲೆಕ್ಕದಲ್ಲಿ ತಂಪೇ, ಕಬ್ಬಿಣಕ್ಕೂ ಒಳ್ಳೆಯದು. ರಾತ್ರಿ ಊಟವಾಗಿ ಒಂದು ತಾಸಿನ ಮೇಲೆ ಅದರ ಜೊತೆ ತಗೊಳ್ಳಲಿ. ‘ಹಿಂದೆ ಮುಂದೆ ಒಂದು ತಾಸು ಚಹಾ ಇಲ್ಲ, ಕ್ಯಾಲ್ಸಿಯಂ ಮಾತ್ರೆಗೆ ಎರಡು ತಾಸು ಅಂತರ’: ಇದೇ ನಿಮ್ಮ ಪಥ್ಯ.

‘ತಗೊಂಡ್ರಾ?’ ಅಂತ ಕೇಳಲೇಬೇಡಿ, ‘ಹೂಂ’ ಬಿಟ್ಟು ಬೇರೆ ಉತ್ತರ ಸಿಗುವುದಿಲ್ಲ. ಸ್ಟ್ರಿಪ್ ತರಿಸಿ ಎಣಿಸಿ.

ಆಶಾ ಮೇಲ್ವಿಚಾರಕಿ, ಹೊನ್ನಾವರ: ಯಾರ ಹತ್ತಿರ ಮಾತಾಡುತ್ತೀರಿ ಅನ್ನುವುದೂ ಮುಖ್ಯ. ಮೊದಲ ಬಾಣಂತನ ಸಾಮಾನ್ಯವಾಗಿ ತವರಿನಲ್ಲಿ. ನೀವು ಅತ್ತೆಗೆ ತಿಳಿಸಿ ಹೇಳಿದ್ದು ಅಲ್ಲಿಗೆ ಮುಟ್ಟುವುದೇ ಇಲ್ಲ. ಏಳನೇ ತಿಂಗಳಲ್ಲೇ ಅಮ್ಮನ ಫೋನ್ ನಂಬರು ತಗೊಂಡು ಅವರಿಗೇ ಹೇಳಿ. ದೊಡ್ಡ ತೊಂದರೆ ನೀರಿನದು: ನೀರು ಕುಡಿದರೆ ಹೊಟ್ಟೆ ಬರುತ್ತದೆ, ಹೊಲಿಗೆ ಕೀವಾಗುತ್ತದೆ ಎಂದು ದಿನಕ್ಕೆ ನಾಲ್ಕು ಲೋಟಕ್ಕೆ ನಿಲ್ಲಿಸುತ್ತಾರೆ. ಆಮೇಲೆ ಮಲಬದ್ಧತೆ, ಉರಿಮೂತ್ರ. ತಣ್ಣೀರಿಗೆ ಹಟ ಹಿಡಿಯದೆ, ಜೀರಿಗೆ ಹಾಕಿ ಕುದಿಸಿದ ಬಿಸಿನೀರು ಪ್ರತಿ ಸಲ ಹಾಲೂಡಿಸುವಾಗ ಒಂದು ಲೋಟ ಅನ್ನಿ. ಅಮ್ಮಂದಿರು ತಕರಾರು ಮಾಡುವುದು ಕಡಿಮೆ.

ವೈದ್ಯ, ಕಾರವಾರ: ಎರಡು ಕಡೆ ಮಾತ್ರ ಗಡಿಯಾರ ನೋಡಲೇಬೇಕು.

ಸರ್ಪಸುತ್ತು. ತಲೆ–ಬಾಲ ಕೂಡಿದರೆ ಜೀವಕ್ಕೆ ಅಪಾಯ ಎಂಬ ಭಯದಲ್ಲಿ ಮೊದಲು ಮಂತ್ರ, ಕೆಮ್ಮಣ್ಣಿನ ಲೇಪ. ಗುಳ್ಳೆ ಎದ್ದ 72 ತಾಸಿನೊಳಗೆ ಅಸೈಕ್ಲೋವಿರ್ ಮಾತ್ರೆ ಶುರುವಾದರೆ ಹೆಚ್ಚು ಗುಣ. ದೊಡ್ಡವರಿಗೆ 800 ಮಿ.ಗ್ರಾಂ., ದಿನಕ್ಕೆ ಐದು ಸಲ, ಏಳು ದಿನ, ಕಿಡ್ನಿ ತೊಂದರೆ ಇದ್ದರೆ ಕಡಿಮೆ. ಇದನ್ನು ವೈದ್ಯರೇ ಬರೆಯಬೇಕು, ನೀವು ಅದೇ ದಿನ ಕಳಿಸಿ. ಈ ಗುಳ್ಳೆ ಒಂದೇ ನರದ ದಾರಿ ಹಿಡಿದು ಮೈಯ ಒಂದೇ ಬದಿ ಹೋಗುತ್ತದೆ, ನಡುಗೆರೆಯಲ್ಲಿ ನಿಲ್ಲುತ್ತದೆ ಎಂದು ಬೆರಳಲ್ಲಿ ಎಳೆದು ತೋರಿಸಿ. ಭಯ ಅರ್ಧ ಇಳಿಯುತ್ತದೆ. ನಾಗನಿಗೆ ಹಾಲೆರೆಯುವುದಕ್ಕೆ ನಮ್ಮದೇನೂ ಅಡ್ಡಿ ಇಲ್ಲ. ಗುಳ್ಳೆ ಮೇಲೆ ಮಣ್ಣು ಮಾತ್ರ ಬೇಡ, ಕೀವಾಗುತ್ತದೆ. ಮೂಗಿನ ತುದಿಯಲ್ಲಿ ಎದ್ದಿದ್ದರೆ ಅಂದೇ ಕಣ್ಣಿನ ವೈದ್ಯರ ಹತ್ತಿರ.

ಇನ್ನೊಂದು ಲಕ್ವ. ನಾಟಿ ಔಷಧಕ್ಕೆ ಅಂಕೋಲಾ ಹತ್ತಿರದ ಬೆಳಂಬಾರದ ಹೆಸರು ದೂರದೂರಕ್ಕೂ ಗೊತ್ತು, ಹೋಗಬೇಡಿ ಅಂದರೆ ಯಾರೂ ಕೇಳುವುದಿಲ್ಲ. ಮಿದುಳಿನ ರಕ್ತನಾಳದ ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಇರುವುದು ಲಕ್ಷಣ ಶುರುವಾದಲ್ಲಿಂದ ನಾಲ್ಕೂವರೆ ತಾಸು, ಅದೂ ಸಿ.ಟಿ. ಸ್ಕ್ಯಾನ್ ಆದ ಮೇಲೆ. ‘ಮೊದಲು ಸ್ಕ್ಯಾನ್, ಆಮೇಲೆ ನಿಮ್ಮಿಷ್ಟ’ ಅನ್ನಿ. ಬಾಯಿ ವಾರೆಯಾದ ಹೊತ್ತು ಎಷ್ಟು ಎಂದು ಚೀಟಿಯಲ್ಲಿ ಬರೆದು ಕಳಿಸಿ.

ಔಷಧ ವಿತರಕ, ಭಟ್ಕಳ: ಸಕ್ಕರೆ ಕಾಯಿಲೆಯವರ ರಂಜಾನ್ ಮಾತು ಒಂದು ತಿಂಗಳು ಮೊದಲೇ ಆಗಬೇಕು, ಮಾತ್ರೆಯ ಹೊತ್ತು ಬದಲಿಸುವುದು ವೈದ್ಯರ ಕೆಲಸ. ಬೆರಳು ಚುಚ್ಚಿ ಪರೀಕ್ಷಿಸಿದರೆ ಉಪವಾಸ ಮುರಿಯುವುದಿಲ್ಲ ಎಂಬುದನ್ನು ಮೌಲ್ವಿಗಳ ಬಾಯಲ್ಲೇ ಹೇಳಿಸಿ. ರಕ್ತದ ಸಕ್ಕರೆ (ಮಿ.ಗ್ರಾಂ./ಡೆ.ಲೀ.) 70ಕ್ಕಿಂತ ಇಳಿದರೂ 300 ದಾಟಿದರೂ ಉಪವಾಸ ಬಿಡಬೇಕು.

ಹಿರಿಯ ಶುಶ್ರೂಷಕಿ, ಅಂಕೋಲಾ: ಒಂದು ಬಿಟ್ಟೆ. ‘ಹಾಲಕ್ಕಿಯವರು ಹೀಗೆ, ಕೊಂಕಣಿಯವರು ಹಾಗೆ’ ಎಂದು ಪಟ್ಟಿ ಮಾಡಿಕೊಳ್ಳಬೇಡಿ. ಒಂದೇ ಮನೆಯಲ್ಲಿ ಅಜ್ಜಿಯ ಉಷ್ಣ ಬೇರೆ, ಸೊಸೆಯದು ಬೇರೆ. ‘ಇದಕ್ಕೆ ಮನೆಯಲ್ಲಿ ಏನು ಮಾಡಿದ್ರಿ?’ ಎಂದು ಬೈಯದೆ ಕೇಳಿ, ಉತ್ತರವನ್ನು ಕಾರ್ಡಿನಲ್ಲೇ ಬರೆಯಿರಿ. ಯಾವುದಾದರೂ ಪುಡಿ ತಗೊಳ್ಳುತ್ತಿದ್ದರೆ ಪೊಟ್ಟಣ ತರಲು ಹೇಳಿ.