ಡಿಸೆಂಬರ್‌ನಲ್ಲಿ ಬರುವವರಿಗೆ, ಮಡಿಕೇರಿ ಅತ್ತೆಯಿಂದ

ಪುಟ್ಟಿ, ಗ್ರೂಪಿನಲ್ಲಿ ನೀನು ಕೇಳಿದ್ದು ಈಗ ನೋಡಿದೆ. ಎರಡು ದಿನ ಬರುತ್ತೀರಿ, ಒಂದು ವೈನರಿ ನೋಡಬೇಕು, ಹಳೇ ಅರಮನೆ ನೋಡಬೇಕು, ಜೊತೆಗೆ ಮಂಡಿನೋವಿನ ದೊಡ್ಡಪ್ಪ. ಅಲ್ವಾ? ಸ್ವಲ್ಪ ಉದ್ದ ಆಗುತ್ತದೆ, ಕೆಲಸ ಮಾಡುತ್ತಾ ಕೇಳಿಸಿಕೋ.

ನಿಮ್ಮಣ್ಣ ನಾಸಿಕ್‌ನಲ್ಲಿ ನೋಡಿಬಂದ ಹಾಗೆ ಸಾಲು ಸಾಲು ದ್ರಾಕ್ಷಿ ತೋಟ ಇಲ್ಲಿ ಹುಡುಕಬೇಡಿ. ನಮ್ಮದು ಕಾಫಿ, ಮೆಣಸಿನ ನಾಡು. ಈ ಮಳೆಗೆ ದ್ರಾಕ್ಷಿ ಗೊಂಚಲು ಕೊಳೆತೇ ಹೋಗುತ್ತದೆ. ಅದಕ್ಕೆ ನಂದಿ ಬೆಟ್ಟದ ಸುತ್ತ, ಇಲ್ಲಾ ವಿಜಯಪುರದ ಕಡೆ ಹೋಗಬೇಕು. ಇಲ್ಲಿರುವುದು ಮನೆ ವೈನ್. ಪಕ್ಕದ ಮನೆ ಆಂಟಿ ಪೇಟೆಯಿಂದ ಕಪ್ಪು ದ್ರಾಕ್ಷಿ ತಂದು, ತೊಳೆದು, ಒರೆಸಿ, ಕಿವುಚಿ ಭರಣಿಗೆ ಹಾಕುತ್ತಾರೆ. ಸಕ್ಕರೆ, ಯೀಸ್ಟ್, ಒಂದು ಹಿಡಿ ಗೋಧಿ, ಎರಡು ತುಂಡು ಚಕ್ಕೆ. ಬಾಯಿಗೆ ಬಟ್ಟೆ ಕಟ್ಟಿ 21 ದಿನ. ದಿನಾ ಬೆಳಗ್ಗೆ ಒಣಗಿದ ಮರದ ಸೌಟಿನಲ್ಲಿ ಒಮ್ಮೆ ತಿರುವುತ್ತಾರೆ. ಬಟ್ಟೆ ಬಿಚ್ಚಿದರೆ ಸಣ್ಣಗೆ ಸುಂಯ್ ಅನ್ನುವ ಸದ್ದು ಕೇಳುತ್ತದೆ. ಶುಂಠಿ, ನೆಲ್ಲಿಕಾಯಿ, ವೀಳ್ಯದೆಲೆಯಲ್ಲೂ ಮಾಡುತ್ತಾರೆ. ವೀಳ್ಯದೆಲೆಯದು ನನಗಂತೂ ಕಷಾಯವೇ, ಯಾರೂ ಬೈಯಬೇಡಿ.

ಲೇಬಲ್ ಇಲ್ಲದ ಬಾಟಲಿ ಮಾತ್ರ ಅಂಗಡಿಯಲ್ಲಿ ಕೊಳ್ಳಬೇಡಿ. ಮಾರುವುದಕ್ಕೆ ಲೈಸೆನ್ಸ್ ಬೇಕು, ಬಿಲ್ ಕೇಳಿ. ಹೋದ ವರ್ಷ ನಾನು ಸುಮ್ನೆ ಒಂದು ತೆಗೆದುಕೊಂಡು ಮೈಸೂರಿಗೆ ಹೊರಟೆ. ಪಿರಿಯಾಪಟ್ಟಣ ಹತ್ತಿರ ಢಬ್ ಅಂತ ಮುಚ್ಚಳ ಹಾರಿತು. ನಿಮ್ಮ ಮಾವನ ಬಿಳಿ ಪಂಚೆ ಪೂರಾ ನೇರಳೆ! ಒಳಗೆ ಯೀಸ್ಟ್ ಇನ್ನೂ ಸಕ್ಕರೆ ತಿಂದು ಗ್ಯಾಸ್ ಬಿಡುತ್ತಲೇ ಇತ್ತು. ಬಿಸಿಲಿಗೆ ಕಾರೂ ಕಾದಿತ್ತು.

ಅದೇ ಪಿರಿಯಾಪಟ್ಟಣದ ಸೆರೆಯಿಂದಲೇ ಕೊಡಗಿನ ರಾಜ ದೊಡ್ಡವೀರರಾಜೇಂದ್ರ 1788ರಲ್ಲಿ ತಪ್ಪಿಸಿಕೊಂಡು ಬಂದದ್ದು. ಟಿಪ್ಪು ಅವನನ್ನು ಅಲ್ಲಿ ಇಟ್ಟಿದ್ದ. ಆಮೇಲೆ ಈ ರಾಜ ಕಕ್ಕಬ್ಬೆ ಹತ್ತಿರ, ತಡಿಯಂಡಮೋಳ್ ಬೆಟ್ಟದ ಬುಡದಲ್ಲಿ ನಾಲ್ಕುನಾಡು ಅರಮನೆ ಕಟ್ಟಿಸಿದ. ನನ್ನ ಕೇಳಿದರೆ ಒಂದೇ ಅರಮನೆ ನೋಡುವುದಾದರೆ ಅದನ್ನೇ ನೋಡಿ. ಹೆಸರಿಗೆ ಅರಮನೆ, ನೋಡಿದರೆ ದೊಡ್ಡ ಮನೆ. ಹೆಂಚಿನ ಮಾಡು, ಕೆತ್ತಿದ ಮರದ ಕಂಬ, ಮಾಸಿದ ಬಣ್ಣದ ಚಿತ್ರ. ಒಳಗೆ ಕತ್ತಲೆ ಕೋಣೆಗಳು, ಕಣ್ಣು ಹೊಂದಿಕೊಳ್ಳಲು ಒಂದು ನಿಮಿಷ ಬೇಕು. ಮುಂದೆ ಪುಟ್ಟ ಮಂಟಪ. ರಾಜ ಮಹಾದೇವಮ್ಮಾಜಿಯನ್ನು ಮದುವೆಯಾದದ್ದು ಅಲ್ಲೇ. 1834ರಲ್ಲಿ ಇಂಗ್ಲಿಷರು ಬಂದಾಗ ಕೊಡಗಿನ ಕೊನೆಯ ರಾಜ ಚಿಕ್ಕವೀರರಾಜ ಓಡಿಬಂದು ಅಡಗಿದ್ದೂ ಇಲ್ಲೇ. ಮಡಿಕೇರಿಯಿಂದ ನಾಪೋಕ್ಲು ಮೇಲೆ ಹೋಗಬೇಕು, ತಿರುವು ಜಾಸ್ತಿ. ಅರ್ಧ ದಿನ ಇಟ್ಟುಕೊಳ್ಳಿ.

ಇನ್ನರ್ಧ ದಿನ ಊರಲ್ಲೇ. ಕೋಟೆಯೊಳಗೆ ಲಿಂಗರಾಜೇಂದ್ರನ ಅರಮನೆ, ಎರಡು ಗಾರೆ ಆನೆ, ಹಳೇ ಚರ್ಚಿನಲ್ಲಿ ಮ್ಯೂಸಿಯಂ. ಓಂಕಾರೇಶ್ವರ ದೇವಸ್ಥಾನಕ್ಕೆ ಹೇಗೂ ಹೋಗುತ್ತೀರಿ. ರಾಜಾ ಸೀಟ್ ಬಿಟ್ಟರೂ ನಷ್ಟವಿಲ್ಲ, ಬರೀ ಸೆಲ್ಫಿ ಗಲಾಟೆ. ಆ ಹೊತ್ತಿಗೆ ಗದ್ದುಗೆಗೆ, ಅಂದರೆ ರಾಜರ ಸಮಾಧಿಗೆ ಹೋಗಿ. ದೊಡ್ಡವೀರರಾಜ, ಮಹಾದೇವಮ್ಮ ಇಬ್ಬರೂ ಒಂದೇ ಗುಮ್ಮಟದ ಕೆಳಗೆ ಮಲಗಿದ್ದಾರೆ. ಹೊರಗೆ ಹುಲ್ಲು, ತಂಪು, ಜನವೇ ಇಲ್ಲ. ದೊಡ್ಡಪ್ಪ ಅಲ್ಲಿ ಆರಾಮಾಗಿ ಕೂರಬಹುದು.

ನಾಲ್ಕುನಾಡಿನಲ್ಲಿ ಮೇಲಿನ ಅಂತಸ್ತಿಗೆ ಮಾತ್ರ ಅವರನ್ನು ಹತ್ತಿಸಬೇಡಿ. ಹೊರಡುವ ಹಿಂದಿನ ದಿನ ಫೋನ್ ಮಾಡು, ಆಂಟಿ ಹತ್ತಿರ ಒಂದು ಬಾಟಲಿ ತಿಳಿಯಾದದ್ದು ಎತ್ತಿಡಲು ಹೇಳುತ್ತೇನೆ. ಮಾವನಿಗೆ ಕೇಳಿಸಬೇಡ.