ಪ್ರಾಸ್ಟೇಟ್ ಮಾತ್ರೆ ಆರಂಭಿಸಿದ ಮೇಲೆ ವೀರ್ಯ ಬರುತ್ತಿಲ್ಲ: ಇದು ಸರಿಹೋಗುವುದೇ?

ಪ್ರಶ್ನೆ: ಬ್ರಹ್ಮಾವರ ನಿವಾಸಿ

ಮಾನ್ಯರೇ, ನನಗೆ 61 ವರ್ಷ. ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳಬೇಕಾಗುತ್ತಿತ್ತು. ಮಂಗಳೂರಿಗೆ ಎಕ್ಸ್‌ಪ್ರೆಸ್ ಬಸ್ಸು ಹತ್ತಿದರೆ ಮೂಲ್ಕಿ ತಲುಪುವಷ್ಟರಲ್ಲಿ ತಡೆಯಲಾಗದೆ ಇಳಿದು, ಮುಂದಿನ ಬಸ್ಸಿಗೆ ಕಾಯುತ್ತಿದ್ದೆ. ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿದೆಯೆಂದು ಸ್ಕ್ಯಾನಿಂಗ್‌ನಲ್ಲಿ ತಿಳಿದ ಬಳಿಕ, ಟ್ಯಾಮ್ಸುಲೋಸಿನ್ 0.4 ಮಿ.ಗ್ರಾಂ ಮತ್ತು ಡ್ಯುಟಾಸ್ಟೆರೈಡ್ 0.5 ಮಿ.ಗ್ರಾಂ ಒಟ್ಟಿಗಿರುವ ಔಷಧಿಯನ್ನು ವೈದ್ಯರು ಬರೆದುಕೊಟ್ಟರು. ನಾಲ್ಕು ತಿಂಗಳಾಯಿತು, ಮೂತ್ರದ ತೊಂದರೆ ಬಹಳ ಕಡಿಮೆಯಾಗಿದೆ. ಆದರೆ ಪತ್ನಿಯೊಂದಿಗೆ ಸೇರಿದಾಗ ಸುಖದ ಅನುಭವವಾದರೂ ಒಂದು ಹನಿ ವೀರ್ಯವೂ ಹೊರಬರುವುದಿಲ್ಲ. ಈಚೆಗೆ ಆಸಕ್ತಿಯೇ ಕುಂದುತ್ತಿದೆ. ಹೀಗಾಗಬಹುದೆಂದು ಮೊದಲೇ ಯಾರೂ ಹೇಳಿರಲಿಲ್ಲ, ಅದೇ ನನಗೆ ಹೆಚ್ಚು ನೋವಾದ ವಿಷಯ. ಔಷಧಿ ನಿಲ್ಲಿಸಲೇ?

ಉತ್ತರ: ನಿವೃತ್ತ ಫಾರ್ಮಸಿಸ್ಟ್, ಮಂಗಳೂರು

ದಯವಿಟ್ಟು ನೀವಾಗಿಯೇ ನಿಲ್ಲಿಸಬೇಡಿ. ಹಾಗೆ ನಿಲ್ಲಿಸಿದರೆ ಕೆಲವರಿಗೆ ಮೂತ್ರ ಪೂರ್ತಿ ಕಟ್ಟಿಕೊಂಡು ತುರ್ತಾಗಿ ನಳಿಕೆ ಹಾಕಿಸಬೇಕಾಗುತ್ತದೆ. ನಿಮ್ಮ ಔಷಧಿಯಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ. ಟ್ಯಾಮ್ಸುಲೋಸಿನ್ ಗ್ರಂಥಿಯ ಮತ್ತು ಮೂತ್ರಕೋಶದ ಕತ್ತಿನ ಸ್ನಾಯುಗಳನ್ನು ಸಡಿಲಿಸುತ್ತದೆ. ಸ್ಖಲನದ ಹೊತ್ತಿಗೆ ಮುಚ್ಚಿಕೊಳ್ಳಬೇಕಾದ ಆ ಕತ್ತು ತೆರೆದೇ ಉಳಿದರೆ ವೀರ್ಯ ಹಿಂದಕ್ಕೆ ಮೂತ್ರಕೋಶಕ್ಕೆ ಸರಿದು, ಆಮೇಲೆ ಮೂತ್ರದ ಜೊತೆ ಹೋಗುತ್ತದೆ. ಕೆಲವರಲ್ಲಿ ವೀರ್ಯದ ಹರಿವೇ ಕಡಿಮೆಯಾಗುತ್ತದೆ. ಇದರಿಂದ ದೇಹಕ್ಕೆ ಅಪಾಯವಿಲ್ಲ, ಔಷಧಿ ಬದಲಾಯಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಆಸಕ್ತಿ ಕುಂದಲು ಡ್ಯುಟಾಸ್ಟೆರೈಡ್ ಕಾರಣವಿರಬಹುದು. ಪುರುಷ ಹಾರ್ಮೋನಾದ ಟೆಸ್ಟೋಸ್ಟೆರಾನ್, ಪ್ರಾಸ್ಟೇಟ್ ಗ್ರಂಥಿಯನ್ನು ಬೆಳೆಸುವ ಇನ್ನೊಂದು ಹಾರ್ಮೋನಾಗಿ ಮಾರ್ಪಡುವುದನ್ನು ಅದು ತಡೆಯುತ್ತದೆ. ಗ್ರಂಥಿ ಕುಗ್ಗಲು ಆರು ತಿಂಗಳಾದರೂ ಬೇಕು, ನಿಲ್ಲಿಸಿದ ಮೇಲೂ ಔಷಧಿ ರಕ್ತದಿಂದ ಹೋಗಲು ತಿಂಗಳುಗಳೇ ಹಿಡಿಯುತ್ತವೆ. ಪ್ರಾಸ್ಟೇಟ್ ಕ್ಯಾನ್ಸರ್‌ನ ಸುಳಿವು ನೋಡಲು ಮಾಡುವ ಪಿ.ಎಸ್.ಎ. ರಕ್ತಪರೀಕ್ಷೆ ಮಾಡಿಸುವಾಗ ಈ ಔಷಧಿಯ ಹೆಸರನ್ನು ಹೇಳಲೇಬೇಕು, ಏಕೆಂದರೆ ಅದು ಅಂಕಿಯನ್ನು ಹೆಚ್ಚುಕಡಿಮೆ ಅರ್ಧಕ್ಕಿಳಿಸುತ್ತದೆ.

ಉತ್ತರ: ಕಾಪುವಿನ ಓದುಗ

ನನಗೆ ಮೊದಲು ಟ್ಯಾಮ್ಸುಲೋಸಿನ್ ಗುಂಪಿನದೇ ಆದ ಸೈಲೋಡೋಸಿನ್ 8 ಮಿ.ಗ್ರಾಂ ಕೊಟ್ಟಿದ್ದರು, ವಾರದೊಳಗೆ ಇದೇ ಅನುಭವವಾಯಿತು. ಅಮೆರಿಕದ ಪ್ರಯೋಗಗಳಲ್ಲಿ ನೂರರಲ್ಲಿ ಸುಮಾರು 28 ಮಂದಿಗೆ ಹೀಗಾಗಿತ್ತೆಂದು ತಿಳಿದಾಗ ನಾನೊಬ್ಬನೇ ಅಲ್ಲವೆಂದು ಸಮಾಧಾನವಾಯಿತು. ಸಂಕೋಚ ಬಿಟ್ಟು ವೈದ್ಯರಿಗೆ ಹೇಳಿದ ಮೇಲೆ ಅದೇ ಗುಂಪಿನ ಆಲ್ಫುಜೋಸಿನ್ 10 ಮಿ.ಗ್ರಾಂಗೆ ಬದಲಾಯಿಸಿದರು, ಮೂರು ವಾರಗಳಲ್ಲಿ ಮೊದಲಿನಂತಾಯಿತು. ದಿನಕ್ಕೊಂದು ಟಡಾಲಾಫಿಲ್ 5 ಮಿ.ಗ್ರಾಂ ತೆಗೆದುಕೊಂಡರೆ ಮೂತ್ರಕ್ಕೂ ನಿಮಿರುವಿಕೆಗೂ ಒಟ್ಟಿಗೇ ಅನುಕೂಲವಾಗುತ್ತದೆಯಂತೆ, ಅದನ್ನೂ ಕೇಳಿ ನೋಡಿ.

ಉತ್ತರ: ನಿವೃತ್ತ ಫಾರ್ಮಸಿಸ್ಟ್, ಮಂಗಳೂರು

ಒಂದು ಮಾತು ಸೇರಿಸಲೇಬೇಕು. ಎದೆನೋವಿಗೆ ನಾಲಿಗೆಯಡಿ ಇಡುವ ಸಾರ್ಬಿಟ್ರೇಟ್‌ನಂಥ ನೈಟ್ರೇಟ್ ಮಾತ್ರೆ ಬಳಸುವವರು ಟಡಾಲಾಫಿಲ್ ಮುಟ್ಟಲೇಬಾರದು. ರಕ್ತದೊತ್ತಡ ಕುಸಿದು ಜೀವಕ್ಕೇ ಕುತ್ತು ಬರಬಹುದು.

ಉತ್ತರ: ಉಡುಪಿಯ ಗೃಹಿಣಿ

ಪತ್ನಿಯ ಕಡೆಯಿಂದ ನಾಲ್ಕು ಮಾತು ಬರೆಯುತ್ತೇನೆ. ನಮ್ಮವರೂ ಇಂಥದ್ದೇ ಮಾತ್ರೆ ಆರಂಭಿಸಿದ ಮೇಲೆ, "ರಾತ್ರಿ ಎದ್ದು ನಿನ್ನ ನಿದ್ದೆ ಕೆಡಿಸುವುದು ಬೇಡ" ಎಂದು ಚಾಪೆಯನ್ನು ಚಾವಡಿಗೆ ಒಯ್ದರು. ಅವರಿಗೆ ನಾನು ಬೇಡವಾದೆನೆಂದೇ ನಾನು ತಿಳಿದಿದ್ದೆ. ಔಷಧಿ ಪೆಟ್ಟಿಗೆಯೊಳಗಿನ ಕಾಗದವನ್ನು ಮಗಳು ಓದಿ ಹೇಳಿದ ದಿನ ನನಗೆ ವಿಷಯ ಅರ್ಥವಾಯಿತು. ನಿಮ್ಮ ಮನೆಯವರಿಗೆ ಹೇಳಿದ್ದೀರಾ, ಅಣ್ಣ? ಹೇಳಿಲ್ಲವಾದರೆ ಇಂದೇ ಹೇಳಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಮೂರು ವರ್ಷಗಳ ಹಿಂದೆ ಆಂಜಿಯೋಪ್ಲಾಸ್ಟಿ ಆದಂದಿನಿಂದ ಸಾರ್ಬಿಟ್ರೇಟ್ ನನ್ನ ಅಂಗಿಯ ಕಿಸೆಯಲ್ಲೇ ಇದೆ, ಆದ್ದರಿಂದ ಟಡಾಲಾಫಿಲ್ ನನಗಲ್ಲ. ಆಲ್ಫುಜೋಸಿನ್ ಆಗಬಹುದೇ, ಡ್ಯುಟಾಸ್ಟೆರೈಡ್ ಮುಂದುವರಿಸಬೇಕೇ ಎಂದು ಚೀಟಿಯಲ್ಲಿ ಬರೆದಿಟ್ಟಿದ್ದೇನೆ. ಸೋಮವಾರ ವೈದ್ಯರಲ್ಲಿಗೆ ಪತ್ನಿಯೂ ಬರುತ್ತಾಳೆ. ನಿನ್ನೆ ರಾತ್ರಿ ಊಟವಾದ ಮೇಲೆ ಅವಳಿಗೆ ಎಲ್ಲವನ್ನೂ ಹೇಳಿದೆ.