ಸಹಾಯ ಬೇಕು: ಮಗಳ ದಟ್ಟ ಕೂದಲಿನ ಭಾರ ಇಳಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಮಂಗಳೂರಿನಲ್ಲಿರುವ ನನ್ನ ಹದಿನಾಲ್ಕು ವರ್ಷದ ಮಗಳ ಕೂದಲು ಎಷ್ಟು ದಟ್ಟವೆಂದರೆ, ಭಾನುವಾರ ಬೆಳಿಗ್ಗೆ ಸೀಗೆಕಾಯಿ ಹಾಕಿ ತೊಳೆದರೆ ಸಂಜೆಯಾದರೂ ಬುಡ ಒಣಗುವುದಿಲ್ಲ. ಮಳೆಗಾಲದ ತೇವಕ್ಕಂತೂ ಉಬ್ಬಿಕೊಂಡು, ಎರಡು ಜಡೆ ಹೆಣೆಯುವಷ್ಟರಲ್ಲಿ ನನ್ನ ಕೈ ಸೋಲುತ್ತದೆ. ಕಳೆದ ವರ್ಷ ಪಾರ್ಲರೊಂದರಲ್ಲಿ ಹಲ್ಲಿನ ಕತ್ತರಿಯಿಂದ ಬುಡದ ಹತ್ತಿರವೇ ಕೂದಲನ್ನು ತೆಳುಗೊಳಿಸಿದರು. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಮಾತ್ರ ಬೆಳೆಯುವುದರಿಂದ, ಆ ತುಂಡು ಎಳೆಗಳು ತಿಂಗಳುಗಟ್ಟಲೆ ನೆಟ್ಟಗೆ ನಿಂತು, ಮೇಲಿನ ಕೂದಲನ್ನು ಎತ್ತಿ ಹಿಡಿದು, ಗಾತ್ರವನ್ನು ಇನ್ನಷ್ಟು ಹೆಚ್ಚಿಸಿದವು. ಉದ್ದ ಕಳೆದುಕೊಳ್ಳಲು ಅವಳಿಗೆ ಮನಸ್ಸಿಲ್ಲ, ನನಗೂ ಇಲ್ಲ. ರಾಸಾಯನಿಕ ಸ್ಟ್ರೇಟನಿಂಗ್ ಈ ವಯಸ್ಸಿಗೆ ಖಂಡಿತ ಬೇಡ. ಕೆಳಭಾಗದಲ್ಲಿ ಮಾತ್ರ ಉದ್ದನೆಯ ಲೇಯರ್ (ಹಂತ ಹಂತವಾಗಿ ಬೇರೆ ಬೇರೆ ಉದ್ದಕ್ಕೆ ಕತ್ತರಿಸುವುದು) ಮಾಡಿಸಿದರೆ ಭಾರ ಇಳಿಯುವುದೇ, ಆ ಎಳೆಗಳು ಜಡೆಯಲ್ಲಿ ನಿಲ್ಲುವುವೇ? ಮಾಡಿಸಿ ನೋಡಿದವರು ದಯವಿಟ್ಟು ತಿಳಿಸಿ.